ಕೆರೆ ತುಂಬಿತು, ಇನ್ನು ತಳ ನೋಡೋಣ: ಜಗಳೂರು ತಾಲ್ಲೂಕಿನ ವಿಜ್ಞಾನ ಮೇಷ್ಟ್ರುಗಳಿಗೊಂದು ಬಹಿರಂಗ ಪತ್ರ



ನಾನು ಬಿಳಿಚೋಡು ಕಡೆಯವನು. ಓದು ಮುಗಿಸಿ, ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ಮೂವತ್ತು ಚಿಲ್ಲರೆ ವರ್ಷ ಮಂಗಳೂರಿನಲ್ಲಿದ್ದು, ನಿವೃತ್ತನಾಗಿ ಊರಿಗೆ ಮರಳಿದ್ದೇನೆ. ನಿಮ್ಮಲ್ಲಿ ಹೆಚ್ಚಿನವರ ಪರಿಚಯ ನನಗಿಲ್ಲ. ಆದರೂ ನಿಮಗೇ ಈ ಪತ್ರ ಬರೆಯುವುದಕ್ಕೆ ಕಾರಣವಿದೆ. ನಾನು ಹೇಳಬೇಕೆಂದಿರುವ ಕೆಲಸ ಸರ್ಕಾರದ ಆದೇಶದಿಂದ ಆಗುವಂಥದ್ದಲ್ಲ, ದೊಡ್ಡ ದುಡ್ಡಿನಿಂದಲೂ ಆಗುವಂಥದ್ದಲ್ಲ. ವರ್ಷ ವರ್ಷವೂ ಒಂದೇ ಜಾಗಕ್ಕೆ ಹೋಗಿ ಒಂದೇ ಕೆಲಸವನ್ನು ಬೇಸರವಿಲ್ಲದೆ ಮಾಡುವವರು ಬೇಕು. ಹತ್ತಾರು ವರ್ಷ ಒಂಬತ್ತನೇ ತರಗತಿಗೆ ಅದೇ ಪಾಠ ಮಾಡಿದವರಿಗಿಂತ ಆ ತಾಳ್ಮೆ ಇನ್ಯಾರಿಗಿದೆ?

ಕಳೆದ ಕಾರ್ತಿಕದಲ್ಲಿ ನಮ್ಮೂರ ಕೆರೆಗೆ ಹೋಗಿದ್ದೆ. ಜೊತೆಗೆ ತಮ್ಮನ ಮಗಳು, ಒಂಬತ್ತನೇ ತರಗತಿ. ಕೈಯಲ್ಲಿ ಮನೆಯ ಹಳೇ ಹಿಟ್ಟಿನ ಜರಡಿ, ಒಂದು ಬಕೆಟ್ಟು, ಒಂದು ಬಿಳಿ ಪ್ಲಾಸ್ಟಿಕ್ ಟ್ರೇ. ಏರಿಯ ಮೇಲೆ ಕುರಿ ಬಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರು, “ಏನ್ರೀ ಮೇಷ್ಟ್ರೇ, ಜರಡ್ಯಾಗ ಮೀನ್ ಹಿಡಿಯಾಕೆ ಬಂದೀರೇನು?” ಎಂದರು. ಮೊಣಕಾಲುದ್ದದ ನೀರಿನಲ್ಲಿ ನಿಂತು ತಳದ ಕೆಸರನ್ನು ಎರಡು ಬೊಗಸೆ ಎತ್ತಿ ಜರಡಿಗೆ ಹಾಕಿ, ನೀರಿನಲ್ಲೇ ಮೆಲ್ಲಗೆ ಅಲುಗಾಡಿಸಿದೆವು. ಕಂದು ನೀರೆಲ್ಲ ಇಳಿದುಹೋಗಿ ಜರಡಿಯಲ್ಲಿ ಉಳಿದದ್ದು ಒಂದಿಷ್ಟು ಮರಳು, ಕೊಳೆತ ಜಾಲಿ ಎಲೆ, ಕಸ. ಅದನ್ನು ಟ್ರೇಗೆ ಸುರಿದು ಮೇಲಷ್ಟು ತಿಳಿನೀರು ಹಾಕಿ ಸುಮ್ಮನೆ ಕೂತೆವು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಕಸದಲ್ಲಿ ಒಂದು ಕಡ್ಡಿ ನಡೆಯಿತು. ಕಡ್ಡಿಯಲ್ಲ, ಏರೋಪ್ಲೇನ್ ಚಿಟ್ಟೆಯ ಮರಿ. ಅದರ ಪಕ್ಕದಲ್ಲಿ ಕುಂಕುಮದ ಬಣ್ಣದ, ನೂಲಿನಷ್ಟು ಸಣ್ಣ ಹುಳವೊಂದು ಎಂಟರ ಆಕಾರದಲ್ಲಿ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಈಜಿತು. “ದೊಡ್ಡಪ್ಪಾ, ಇದಕ್ಕೆ ರಕ್ತ ಐತಾ?” ಎಂದು ಹುಡುಗಿ ಕೇಳಿದಳು.

ಐತೆ ಎಂದೆ. ನಮ್ಮ ರಕ್ತದ ಕೆಂಪಿಗೆ ಕಾರಣವಾದ ಹಿಮೋಗ್ಲೋಬಿನ್ನೇ ಆ ಹುಳದ ಮೈಯಲ್ಲೂ ಇದೆ. ಅದು ಕೈರೊನೊಮಸ್ ಎಂಬ, ಸೊಳ್ಳೆಯಂತೆ ಕಂಡರೂ ಕಚ್ಚದ ನೊಣದ ಮರಿ. ತಳದಲ್ಲಿ ಆಮ್ಲಜನಕ ಕಡಿಮೆಯಾದಾಗ ಬೇರೆ ಎಷ್ಟೋ ಹುಳಗಳು ಉಸಿರು ಕಟ್ಟಿ ಸಾಯುತ್ತವೆ. ಇದು ತನ್ನ ಕೆಂಪಿನ ಬಲದಿಂದ ಬದುಕುತ್ತದೆ. ಕೆರೆಯ ತಳದಲ್ಲಿ ನಾಲ್ಕಾರು ಬಗೆಯ ಜೀವಿಗಳ ನಡುವೆ ಇದೂ ಇದ್ದರೆ ಚಿಂತೆಯಿಲ್ಲ. ಜರಡಿ ಎತ್ತಿದಾಗಲೆಲ್ಲ ಇದೊಂದೇ ಸಾವಿರಗಟ್ಟಲೆ ಸಿಕ್ಕರೆ, ಆ ಕೆರೆಗೆ ಎಲ್ಲೋ ಚರಂಡಿ ಸೇರಿರಬಹುದು ಎಂದು ಅನುಮಾನಿಸಬೇಕು.

ನಾನು ಮಂಗಳೂರಿನಲ್ಲಿ ಮಾಡುತ್ತಿದ್ದದ್ದೂ ಇದೇ ಕೆಲಸ. ನೇತ್ರಾವತಿ ಹೊಳೆಯೂ ಗುರುಪುರ ಹೊಳೆಯೂ ಉಳ್ಳಾಲ, ಬೆಂಗ್ರೆಗಳ ನಡುವೆ ಕೂಡಿ ಕಡಲು ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆ. ಸಿಹಿನೀರು, ಉಪ್ಪುನೀರು ದಿನಕ್ಕೆರಡು ಸಲ ಬೆರೆಯುವ ಜಾಗ. ಪಟ್ಟಣದ ಕೊಳೆ, ಕಾರ್ಖಾನೆಗಳ ನೀರು, ಬಂದರಿನ ಎಣ್ಣೆ ಎಲ್ಲ ಕೊನೆಗೆ ಸೇರುವುದೂ ಅಲ್ಲಿಗೇ. ದೋಣಿಯಿಂದ ಕಬ್ಬಿಣದ ಬಾಯಿಯಂಥ ಸಲಕರಣೆಯನ್ನು ಹಗ್ಗದಲ್ಲಿ ಇಳಿಬಿಟ್ಟು ತಳದ ಕೆಸರು ಕಚ್ಚಿಸಿ ಮೇಲೆತ್ತಿ, ಅರ್ಧ ಮಿಲಿಮೀಟರ್ ತೂತಿನ ಜರಡಿಯಲ್ಲಿ ತೊಳೆದು, ಉಳಿದ ಜೀವಿಗಳನ್ನು ಎಣಿಸುತ್ತಿದ್ದೆವು. ಹುಳ, ಏಡಿಮರಿ, ಸಣ್ಣ ಸಣ್ಣ ಮರುವಾಯಿ ಚಿಪ್ಪು. ಒಂದೊಂದು ಕಡೆ ಕೆಸರು ಕಾಡಿಗೆಯಂತೆ ಕಪ್ಪಗಿರುತ್ತಿತ್ತು. ಮೇಲೆತ್ತಿದ ಕೂಡಲೇ ಕೊಳೆತ ಮೊಟ್ಟೆಯ ನಾತ. ನಮ್ಮ ದೋಣಿಯವರು ಸಲಕರಣೆ ನೀರು ಬಿಡುವ ಮೊದಲೇ ಮೂಗೆಳೆದು, “ಇಲ್ಲಿ ಎಂತ ಸಿಕ್ಕುದಿಲ್ಲ ಸಾರ್, ಮುಂದೆ ಹೋಗುವ” ಎನ್ನುತ್ತಿದ್ದರು. ಅವರ ಮಾತು ತಪ್ಪಿದ್ದು ನನಗೆ ನೆನಪಿಲ್ಲ.

ಕೊಳೆ ಬಂದು ಬೀಳುವ ಬಾಯಿಂದ ದೂರ ಸರಿದ ಹಾಗೆ ತಳದ ಬದುಕು ಹೇಗೆ ಬದಲಾಗುತ್ತದೆ ಎಂಬುದನ್ನು ಪಿಯರ್ಸನ್, ರೋಸೆನ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು 1978ರಲ್ಲಿ ಒಂದು ಚಿತ್ರದಂತೆ ಕಟ್ಟಿಕೊಟ್ಟರು. ತೀರ ಹತ್ತಿರದಲ್ಲಿ ಜೀವವೇ ಇಲ್ಲ. ಸ್ವಲ್ಪ ಆಚೆ ಒಂದೆರಡು ಜಾತಿಯ ಸಣ್ಣ ಹುಳಗಳು, ಆದರೆ ಲೆಕ್ಕವಿಲ್ಲದಷ್ಟು. ಇನ್ನೂ ಆಚೆ ಹೋದರೆ ಸಂಖ್ಯೆ ಇಳಿದು ಬಗೆ ಹೆಚ್ಚುತ್ತದೆ, ಆಳವಾಗಿ ಬಿಲ ತೋಡುವ ದೊಡ್ಡ ಜೀವಿಗಳು ಬರುತ್ತವೆ. ಕೆರೆಯಲ್ಲೂ ಹೊಳೆಯಲ್ಲೂ ಹೆಸರು ಬೇರೆಯಾಗಬಹುದು, ಕಥೆ ಹೆಚ್ಚುಕಡಿಮೆ ಇದೇ. 2000ದಲ್ಲಿ ಸ್ಪೇನಿನ ಆಂಗೆಲ್ ಬೋರ್ಹಾ ಮತ್ತು ಸಂಗಡಿಗರು ಇದಕ್ಕೊಂದು ಅಂಕಿ ಕೊಟ್ಟರು. ತಳದ ಜೀವಿಗಳನ್ನು ಅವು ಕೊಳೆ ತಡೆಯುವ ಶಕ್ತಿಗೆ ತಕ್ಕಂತೆ ಐದು ಗುಂಪು ಮಾಡಿ, ಯಾವ ಗುಂಪಿನವು ಎಷ್ಟಿವೆ ಎಂದು ಲೆಕ್ಕ ಹಾಕಿ, ಸೊನ್ನೆಯಿಂದ ಏಳರವರೆಗೆ ಅಂಕ. ಏಳು ಎಂದರೆ ಬರಿ ಕೆಸರು, ಜೀವವಿಲ್ಲ. ಆಂಬಿ ಎಂದು ಕರೆಯುವ ಈ ಅಳತೆಗೋಲನ್ನು ಇಂದು ಲೋಕದ ಎಷ್ಟೋ ಅಳಿವೆಗಳಲ್ಲಿ ಬಳಸುತ್ತಾರೆ.

ಈಗ ನಮ್ಮ ತಾಲ್ಲೂಕಿನ ಮಾತು. ಜಗಳೂರು ಎಂದರೆ ಬರ ಎಂದೇ ಹೆಸರಾದ ಸೀಮೆ. ನಾವು ಚಿಕ್ಕವರಿದ್ದಾಗ ಕೆರೆಯಂಗಳದಲ್ಲಿ ಚಿನ್ನಿದಾಂಡು ಆಡಿದ ವರ್ಷಗಳೇ ಹೆಚ್ಚು. ಹರಿಹರ ತಾಲ್ಲೂಕಿನ ದೀಟೂರಿನ ಹತ್ತಿರ ತುಂಗಭದ್ರೆಗೆ ಜಾಕ್‌ವೆಲ್ ಹಾಕಿ ನಮ್ಮ 57 ಕೆರೆ ತುಂಬಿಸುವ ಯೋಜನೆ ಬಂದು, ಸಿರಿಗೆರೆ ತರಳಬಾಳು ಮಠದ ಶ್ರೀಗಳು ಅದರ ಬೆನ್ನಿಗೆ ನಿಂತು, ರೈತರು ಪಟ್ಟು ಬಿಡದೆ ಕೇಳಿ, ಕೊನೆಗೆ ಪೈಪಿನಲ್ಲಿ ನೀರು ಬಂದಾಗ ಗಂಗೆಪೂಜೆ ಮಾಡದ ಊರಿಲ್ಲ. ಆ ಸಂಭ್ರಮದಲ್ಲಿ ನನಗೂ ಕಣ್ಣೀರು ಬಂದಿತ್ತು. ಆ ಸಂಭ್ರಮಕ್ಕೆ ಕುಂದು ತರುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಬಂದ ಗಂಗೆಯನ್ನು ಚೆನ್ನಾಗಿ ಇಟ್ಟುಕೊಳ್ಳಬೇಕೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಈ ನೀರು ಬರುವ ದಾರಿ ನೋಡಿ. ಭದ್ರೆ ಭದ್ರಾವತಿಯನ್ನು ದಾಟಿ, ತುಂಗೆ ಶಿವಮೊಗ್ಗವನ್ನು ದಾಟಿ ಕೂಡ್ಲಿಯಲ್ಲಿ ಒಂದಾಗಿ, ಹೊನ್ನಾಳಿಯನ್ನು ಹಾದು ಹರಿಹರದ ಕಡೆಗೆ ಬರುತ್ತವೆ. ಪಟ್ಟಣಗಳ ಚರಂಡಿ, ಗದ್ದೆ ತೋಟಗಳ ಗೊಬ್ಬರ, ಔಷಧ, ಎಲ್ಲವೂ ದಾರಿಯಲ್ಲಿ ಸೇರುತ್ತವೆ. 1980ರ ದಶಕದಲ್ಲಿ ಹರಿಹರದ ಎದುರು ದಂಡೆಯ ಕುಮಾರಪಟ್ಟಣದ ಕೆಳಗೆ ಹೊಳೆಯ ಮೀನು ಸತ್ತು ತೇಲಿದ್ದು, ದಂಡೆಯ ಹಳ್ಳಿಗಳವರು ಹೋರಾಟಕ್ಕೆ ಇಳಿದದ್ದು, ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅವರ ಜೊತೆ ನಿಂತದ್ದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಮೀನು ಸತ್ತು ತೇಲಿದಾಗ ಎಲ್ಲರಿಗೂ ಕಾಣುತ್ತದೆ. ಆದರೆ ಆ ಹೊತ್ತಿಗೆ ಕೆಟ್ಟದ್ದು ಕೆಟ್ಟಾಗಿರುತ್ತದೆ. ಮೀನಿಗೆ ಈಜುವ ಬಲವಿದೆ, ಕೊಳೆ ಬಂದ ಕಡೆಯಿಂದ ಆದಷ್ಟು ದಿನ ತಪ್ಪಿಸಿಕೊಂಡಿರುತ್ತದೆ. ಕೆಸರಿನ ಹುಳಕ್ಕೆ ಹೋಗಲು ಬೇರೆ ಊರಿಲ್ಲ. ಬಂದದ್ದನ್ನೆಲ್ಲ ಉಂಡು, ತಡೆಯಲಾಗದಿದ್ದರೆ ಅಲ್ಲೇ ಸಾಯುತ್ತದೆ. ಮೀನಿಗಿಂತ ಮೊದಲೇ ಅದು ಸುದ್ದಿ ಹೇಳುವುದು ಅದಕ್ಕೇ.

ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸುವುದು ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬೇಕೇ ಬೇಕು. ಆದರೆ ಬಾಟಲಿ ಹೇಳುವುದು ಅದನ್ನು ತುಂಬಿದ ಗಳಿಗೆಯ ಮಾತು. ರಾತ್ರಿ ಬಿಟ್ಟ ಕೊಳೆ ಬೆಳಗಾಗುವಷ್ಟರಲ್ಲಿ ಹರಿದುಹೋಗಿದ್ದರೆ ಬಾಟಲಿಗೆ ಅದು ಗೊತ್ತೇ ಆಗುವುದಿಲ್ಲ. ತಳದ ಜೀವಿಗಳಿಗೆ ಗೊತ್ತು. ಅವುಗಳಲ್ಲೂ ಒಂದೊಂದರ ನೆನಪು ಒಂದೊಂದು ಉದ್ದದ್ದು. ನಮ್ಮ ಬಿಸಿಲಿನಲ್ಲಿ ಕೆಂಪು ಹುಳ ಕೆಲವೇ ವಾರದಲ್ಲಿ ರೆಕ್ಕೆ ಬಂದು ಹಾರಿಹೋಗುತ್ತದೆ, ಅದು ಹೇಳುವುದು ಈ ತಿಂಗಳ ಸುದ್ದಿ. ಕೆಲವು ಏರೋಪ್ಲೇನ್ ಚಿಟ್ಟೆಗಳ ಮರಿಗಳು ತಿಂಗಳುಗಟ್ಟಲೆ ನೀರಿನಲ್ಲಿರುತ್ತವೆ. ಕಪ್ಪೆಚಿಪ್ಪಂತೂ ವರ್ಷಗಟ್ಟಲೆ ಒಂದೇ ಕಡೆ ಕೆಸರಿನಲ್ಲಿ ಹೂತುಕೊಂಡು, ದಿನವೆಲ್ಲ ನೀರನ್ನು ಒಳಗೆಳೆದು ಸೋಸಿ ಹೊರಬಿಡುತ್ತಿರುತ್ತದೆ.

ಕಪ್ಪೆಚಿಪ್ಪಿನ ವಿಷಯ ಬಂದರೆ ನನಗೆ ಅವ್ವ ನೆನಪಾಗುತ್ತಾಳೆ. ಚಿಪ್ಪಿನ ಉಬ್ಬಿದ ಬೆನ್ನನ್ನು ಕಲ್ಲಿಗೆ ತಿಕ್ಕಿ ತೂತು ಮಾಡಿ, ಆ ತೂತಿನ ಅಂಚಿನಿಂದ ಮಾವಿನಕಾಯಿ ಸಿಪ್ಪೆ ಹೆರೆಯುತ್ತಿದ್ದಳು. ಚಾಕುವಿಗಿಂತ ತೆಳ್ಳಗೆ ಬರುತ್ತಿತ್ತು. ಆ ಚಿಪ್ಪುಗಳನ್ನು ನಾವು ಬತ್ತಿದ ಕೆರೆಯಿಂದಲೇ ಆರಿಸಿ ತಂದುಕೊಡುತ್ತಿದ್ದೆವು. ಅದರ ಬಾಳು ಎಷ್ಟು ಸೂಕ್ಷ್ಮವೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಓದುವಾಗ. ಕಪ್ಪೆಚಿಪ್ಪಿನ ಮರಿ ನೇರವಾಗಿ ಕೆಸರಿಗಿಳಿಯುವುದಿಲ್ಲ. ಹುಟ್ಟಿದ ಕೂಡಲೇ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು, ಅಲ್ಲೇ ಕೆಲ ದಿನ ಬೆಳೆದು, ಆಮೇಲೆ ಉದುರಿ ತಳ ಸೇರುತ್ತದೆ. ಅಂದರೆ ಒಂದು ಕೆರೆಯಲ್ಲಿ ಎಳೆಯ ಕಪ್ಪೆಚಿಪ್ಪು ಸಿಕ್ಕಿತೆಂದರೆ ಆ ಕೆರೆಯಲ್ಲಿ ನೀರು ನಿಂತಿದೆ, ಅದಕ್ಕೆ ಒಗ್ಗುವ ಮೀನಿದೆ, ತಳದಲ್ಲಿ ಉಸಿರಿದೆ, ಮೂರೂ ಒಟ್ಟಿಗೆ ಗೊತ್ತಾಯಿತು. ನಮ್ಮ ಕೆರೆಗಳ ದಂಡೆಯಲ್ಲಿ ಹಳೇ ಚಿಪ್ಪುಗಳು ಬೇಕಾದಷ್ಟಿವೆ. ಜೀವ ಇರುವುದೊಂದನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಇಲ್ಲೇ ನಾನು ನಿಮ್ಮನ್ನು ಎಚ್ಚರಿಸಬೇಕಾದ ಮಾತೊಂದಿದೆ, ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹೊಳೆಗಳಿಗಾಗಿ ಬ್ರಿಟನ್ನಿನವರು ಮಾಡಿದ ಅಂಕಪಟ್ಟಿಯೊಂದಿದೆ, ಬಿಎಂಡಬ್ಲ್ಯುಪಿ ಎಂದು. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅದನ್ನು ಆಧರಿಸಿ ನೀರನ್ನು ಶುದ್ಧದಿಂದ ತೀರ ಕೊಳಕಿನವರೆಗೆ ಐದು ದರ್ಜೆ ಮಾಡಿದೆ. ಆ ಪಟ್ಟಿಯಲ್ಲಿ ಪ್ರತಿ ಕುಟುಂಬಕ್ಕೆ ಒಂದರಿಂದ ಹತ್ತು ಅಂಕ. ತಲೆಯನ್ನು ಕೆಸರಿಗೆ ಹೂತು ಬಾಲವನ್ನು ಮೇಲೆ ಆಡಿಸುವ ಟ್ಯೂಬಿಫೆಕ್ಸ್ ಹುಳಕ್ಕೆ 1, ಕೆಂಪು ಹುಳಕ್ಕೆ 2, ಸಾಮಾನ್ಯ ಬಸವನಹುಳಕ್ಕೆ 3, ಕಪ್ಪೆಚಿಪ್ಪಿಗೆ 6, ಏರೋಪ್ಲೇನ್ ಚಿಟ್ಟೆಯ ಮರಿಗೆ 8. ಸಿಕ್ಕ ಕುಟುಂಬಗಳ ಅಂಕ ಕೂಡಿಸಿ, ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ. ಟ್ಯೂಬಿಫೆಕ್ಸ್, ಕೆಂಪು ಹುಳ, ಬಸವನಹುಳ, ಏರೋಪ್ಲೇನ್ ಚಿಟ್ಟೆಯ ಮರಿ ಸಿಕ್ಕರೆ ಒಟ್ಟು 14, ಸರಾಸರಿ 3.5. ಮಕ್ಕಳಿಗೆ ಲೆಕ್ಕವೂ ಆಯಿತು, ವಿಜ್ಞಾನವೂ ಆಯಿತು.

ಆದರೆ ಈ ಪಟ್ಟಿಯನ್ನು ಹಾಗೇ ತಂದು ನಮ್ಮ ಕೆರೆಗೆ ಹಚ್ಚಿದರೆ ಮೋಸ ಹೋಗುತ್ತೇವೆ. ಮುಂಗಾರಿನ ಜೊತೆ ಗುಂಪು ಗುಂಪಾಗಿ ಬರುವ ಹಳದಿ ಏರೋಪ್ಲೇನ್ ಚಿಟ್ಟೆ ಇದೆಯಲ್ಲ, ಕಡಲು ದಾಟಿ ಆಫ್ರಿಕಾಕ್ಕೆ ಹೋಗುವ ಪಾಂಟಾಲ ಜಾತಿ, ಅದು ರಸ್ತೆಬದಿಯ ಮಳೆಗುಂಡಿಯಲ್ಲೂ ಮೊಟ್ಟೆಯಿಡುತ್ತದೆ. ಮರಿ ಐದಾರು ವಾರದಲ್ಲಿ ಬೆಳೆದು ಹಾರುತ್ತದೆ. ಬ್ರಿಟನ್ನಿನ ಪಟ್ಟಿ ಆ ಗುಂಡಿಗೂ 8 ಅಂಕ ಕೊಡುತ್ತದೆ. ಇನ್ನೊಂದು ಕಡೆ, ಏಳೆಂಟು ವರ್ಷ ಒಣಗಿ ಬಿರುಕು ಬಿಟ್ಟು ಈಗಷ್ಟೇ ನೀರು ಕಂಡ ಕೆರೆಯಲ್ಲಿ ಕಪ್ಪೆಚಿಪ್ಪು ಇಲ್ಲ, ನಿಧಾನವಾಗಿ ಬೆಳೆಯುವ ಯಾವುದೂ ಇಲ್ಲ. ಪಟ್ಟಿ ಅದನ್ನು ಕೊಳಕು ಕೆರೆ ಎಂದುಬಿಡುತ್ತದೆ. ಅದು ಕೊಳಕಲ್ಲ, ಬರ.

ಅಳಿವೆಯಲ್ಲಿ ನನಗೆ ಇದೇ ಒಗಟು ಎದುರಾಗಿತ್ತು. ಮಳೆಗಾಲದಲ್ಲಿ ನೇತ್ರಾವತಿ ಕೆಂಪಗೆ ನುಗ್ಗಿ ಬಂದರೆ ಉಪ್ಪೆಲ್ಲ ತೊಳೆದುಹೋಗಿ ತಳದ ಎಷ್ಟೋ ಜೀವಿಗಳು ಇಲ್ಲವಾಗುತ್ತವೆ. ದಸರಾ ಕಳೆದ ಮೇಲೆ ಮತ್ತೆ ಒಂದೊಂದಾಗಿ ಬಂದು ನೆಲೆಸುತ್ತವೆ. ಉಪ್ಪು, ಸಿಹಿ ಎರಡರ ಹೊಡೆತವನ್ನೂ ತಡೆಯುವ ಗಟ್ಟಿ ಜೀವಿಗಳಷ್ಟೇ ಅಲ್ಲಿ ನಿಲ್ಲುತ್ತವೆ, ಕೊಳೆ ತಡೆಯುವವೂ ಹೆಚ್ಚಾಗಿ ಅವೇ. ಹಾಗಾಗಿ ಚೊಕ್ಕಟವಾದ ಅಳಿವೆಯೂ ಪಟ್ಟಿಯಲ್ಲಿ ಕೆಟ್ಟದ್ದಾಗಿ ಕಾಣುತ್ತದೆ. ಮೈಕೆಲ್ ಎಲಿಯಟ್, ವಿಕ್ಟರ್ ಕ್ವಿಂಟಿನೊ ಎಂಬವರು 2007ರಲ್ಲಿ ಈ ಒಗಟನ್ನು ಬಿಡಿಸಿ ಬರೆದಾಗ ನನಗೆ ಎಷ್ಟೋ ಸಮಾಧಾನವಾಯಿತು. ಕಡಲಿಂದ ಇಷ್ಟು ದೂರದ ಜಗಳೂರಿನ ಕೆರೆಯಲ್ಲಿ ಮತ್ತೆ ಅದನ್ನೇ ಕಾಣುತ್ತೇನೆಂದು ಎಣಿಸಿರಲಿಲ್ಲ. ಅಲ್ಲಿ ಉಪ್ಪು ಮಾಡುವ ಕೆಲಸವನ್ನು ಇಲ್ಲಿ ಬರ ಮಾಡುತ್ತದೆ. ಅದಕ್ಕೇ ನಮ್ಮ ಕೆರೆಗೆ ಅಳತೆಗೋಲು ನಮ್ಮ ಕೆರೆಯೇ ಆಗಬೇಕು. ಈ ವರ್ಷದ ತಳವನ್ನು ಮುಂದಿನ ವರ್ಷದ ತಳದ ಜೊತೆ ಇಟ್ಟು ನೋಡಬೇಕು. ಹಾಗೆ ನೋಡಬೇಕಾದರೆ ಮೊದಲನೇ ವರ್ಷದ ಲೆಕ್ಕ ಇರಲೇಬೇಕು. ಕೆರೆಗಳಿಗೆ ಹೊಸದಾಗಿ ನೀರು ಬಂದಿರುವ ಈಗಲೇ ಅದನ್ನು ಬರೆದಿಡದಿದ್ದರೆ, ಹತ್ತು ವರ್ಷ ಕಳೆದು ಏನು ಕಳೆದುಕೊಂಡೆವು ಎಂದು ಯಾರಾದರೂ ಕೇಳಿದಾಗ ತೋರಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಬಿಲ್ಬಾವೊ ಎಂಬ ಊರು ಸ್ಪೇನಿನಲ್ಲಿದೆ, ನಮ್ಮ ಭದ್ರಾವತಿಯಂತೆ ಕಬ್ಬಿಣ ಉಕ್ಕಿಗೆ ಹೆಸರಾಗಿದ್ದ ಊರು. ಅಲ್ಲಿನ ನೆರ್ವಿಯೋನ್ ಅಳಿವೆಯ ಒಳಭಾಗದ ತಳ ಒಂದು ಕಾಲಕ್ಕೆ ಜೀವವೇ ಇಲ್ಲದ ಕಪ್ಪು ಕೆಸರಾಗಿತ್ತು. ಊರಿನ ಕೊಳೆನೀರನ್ನು ಶುದ್ಧಮಾಡಿ ಬಿಡತೊಡಗಿದ ಮೇಲೆ, ವರ್ಷ ವರ್ಷ ತಳವನ್ನು ಜರಡಿ ಹಿಡಿದು ಎಣಿಸುತ್ತಿದ್ದವರಿಗೆ ಜೀವ ಒಂದೊಂದೇ ಮೆಟ್ಟಿಲು ಹತ್ತಿ ವಾಪಸು ಬಂದದ್ದು ಕಂಡಿತು. ಹಾಳಾದ ದಿನಗಳಲ್ಲೂ ಎಣಿಸುವುದನ್ನು ಬಿಡದಿದ್ದರಿಂದ ಒಳ್ಳೆಯದಾದದ್ದೂ ಅವರಿಗೆ ಗೊತ್ತಾಯಿತು. ನಮ್ಮಲ್ಲೇ ನೋಡಿದರೆ, 2024ರಲ್ಲಿ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಜೀವಿ ಆರಿಸುವ ಹೆಂಗಸರಿಗೆ ಯಾವ ಪುಸ್ತಕವೂ ಬೇಕಿಲ್ಲ. ಕೆಸರಿಗೆ ಕೈಯಿಟ್ಟರೆ ತಳದ ಆರೋಗ್ಯ ಅವರಿಗೆ ತಿಳಿಯುತ್ತದೆ, ಮನೆಯ ಒಲೆ ಉರಿಯುವುದು ಅದರಿಂದಲೇ. ಬೆಂಗ್ರೆಯ ದೋಣಿಯವರ ಮೂಗಿಗೆ ತಿಳಿಯುತ್ತಿದ್ದ ಹಾಗೆ. ನಮಗೆ ಆ ಬಳಕೆ ಇಲ್ಲ. ಕೆರೆಯ ತಳವೆಂದರೆ ನಮಗೆ ಹೂಳು, ಎತ್ತಿ ಎಸೆಯಬೇಕಾದದ್ದು.

ಹೂಳಿನ ಮಾತೂ ಹೇಳಬೇಕು. ಬೇಸಿಗೆಯಲ್ಲಿ ಕೆರೆ ಇಳಿದಾಗ ಟ್ರ್ಯಾಕ್ಟರಿನಲ್ಲಿ ಕೆರೆಗೋಡು ತುಂಬಿ ಹೊಲಕ್ಕೆ ಹೊಡೆಯುವುದು ನಮ್ಮ ಕಡೆ ಹಿಂದಿನಿಂದ ಬಂದ ಪದ್ಧತಿ, ಒಳ್ಳೆಯ ಪದ್ಧತಿ. ಆದರೆ ತಳದಲ್ಲಿ ಏನು ಕೂತಿದೆಯೋ ಅದೇ ನಾಳೆ ಮೆಕ್ಕೆಜೋಳದ ಹೊಲಕ್ಕೆ, ಈರುಳ್ಳಿಯ ಮಡಿಗೆ ಹೋಗುತ್ತದೆ. ತಳ ನೋಡುವುದು ಬರಿ ಮೀನುಗಾರರ ಕೆಲಸವಲ್ಲ, ಅನ್ನ ಬೆಳೆಯುವವರದ್ದೂ ಹೌದು.

ಈ ಹುಳಗಳು ಹೇಳಲಾರದ್ದೂ ಇದೆ, ಮುಚ್ಚಿಡಬಾರದು. ಬೋರ್‌ವೆಲ್ಲಿನ ಫ್ಲೋರೈಡ್ ನಮ್ಮ ತಾಲ್ಲೂಕಿನ ಮಕ್ಕಳ ಹಲ್ಲಿನ ಮೇಲೆ ಕಂದು ಬರೆ ಎಳೆದಿರುವುದನ್ನು ನೀವು ದಿನವೂ ತರಗತಿಯಲ್ಲಿ ನೋಡುತ್ತೀರಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಆ ಅಳತೆಯನ್ನು ಚಿಟ್ಟೆಯ ಮರಿ ಹೇಳಲಾರದು. ಭೇದಿ ತರುವ ಬ್ಯಾಕ್ಟೀರಿಯಾವನ್ನೂ ಹೇಳಲಾರದು. ತಳದಲ್ಲಿ ಬಗೆಬಗೆಯ ಜೀವಿಗಳಿವೆ ಎಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವೆಂದು ಮಕ್ಕಳು ಮನೆಗೆ ಹೋಗಿ ಹೇಳಬಾರದು, ಇದನ್ನು ಮೊದಲ ದಿನವೇ ಅವರಿಗೆ ಬಿಡಿಸಿ ಹೇಳಿ.

ಕೆಲಸ ಹೀಗೆ. ಒಂದು ಶಾಲೆಗೆ ಒಂದು ಕೆರೆ ಸಾಕು. ಕೆರೆಗೆ ಮೂರು ಜಾಗ: ಪೈಪಿನ ನೀರು ಬಂದು ಬೀಳುವ ಕಡೆ, ಊರಿನ ಚರಂಡಿಯೋ ಹಳ್ಳವೋ ಸೇರುವ ಕಡೆ, ತೂಬಿನ ಹತ್ತಿರ. ವರ್ಷಕ್ಕೆ ಮೂರು ಸಲ: ಹೊಸ ನೀರು ಬಂದು ನಿಂತ ಕಾರ್ತಿಕದಲ್ಲಿ, ಶಿವರಾತ್ರಿಯ ಹೊತ್ತಿಗೆ, ನೀರು ಇಳಿದ ಬೇಸಿಗೆಯ ಕೊನೆಯಲ್ಲಿ. ಪ್ರತಿ ಜಾಗದಲ್ಲಿ ಅಷ್ಟೇ ಕೆಸರು, ಅದೇ ಜರಡಿ. ಒಂದು ಸಲ ಹಿಟ್ಟಿನ ಜರಡಿ, ಇನ್ನೊಂದು ಸಲ ರವೆ ಜರಡಿ ಹಿಡಿದರೆ ಲೆಕ್ಕ ಕೆಡುತ್ತದೆ. ಹೆಸರು ಗೊತ್ತಾಗದ ಜೀವಿಗೆ ಹೆಸರು ಕಟ್ಟಬೇಡಿ, ಚಿತ್ರ ಬರೆಸಿ, ಮೊಬೈಲಿನಲ್ಲಿ ಫೋಟೊ ತೆಗೆಸಿ, ಎಷ್ಟು ಸಿಕ್ಕಿತು ಎಂದು ಬರೆಸಿ. ಏನೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದು ಬರೆಸುವುದನ್ನು ಮಾತ್ರ ಮರೆಯಬೇಡಿ. ಕೆಸರಿನ ಬಣ್ಣ, ವಾಸನೆಯೂ ಬರೆಯಬೇಕಾದ ಸಂಗತಿಗಳೇ. ನೋಡಿದ ಮೇಲೆ ಟ್ರೇಯನ್ನು ವಾಪಸು ಕೆರೆಗೇ ಬಗ್ಗಿಸಿ. ಹೂಳೆತ್ತಿದ ಗುಂಡಿಗಳು ನೀರಿನಡಿ ಕಾಣುವುದಿಲ್ಲ, ಆದ್ದರಿಂದ ಮಕ್ಕಳನ್ನು ನೀರಿಗಿಳಿಸಬೇಡಿ. ಕೆರೆಯನ್ನು ಬಲ್ಲ ಮೀನುಗಾರರೊಬ್ಬರು ಇಳಿದು ಕೆಸರು ಎತ್ತಿಕೊಡಲಿ, ಮಕ್ಕಳು ದಂಡೆಯಲ್ಲಿ ಕೂತು ಜರಡಿ ಹಿಡಿಯಲಿ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲಿ.

ನನ್ನ ಹತ್ತಿರ ಅರ್ಧ ಮಿಲಿಮೀಟರಿನ ನಾಲ್ಕು ಜರಡಿಗಳಿವೆ, ಮಂಗಳೂರಿನಿಂದ ತಂದವು. ಒಂದು ಹಳೇ ಸೂಕ್ಷ್ಮದರ್ಶಕವೂ ಇದೆ. ಕೇಳಿದ ಶಾಲೆಗೆ ಕೊಡುತ್ತೇನೆ, ಜೊತೆಗೆ ನಾನೂ ಬರುತ್ತೇನೆ. ಬರುವ ಕಾರ್ತಿಕ ಮಾಸದ ಮೊದಲ ಭಾನುವಾರ ಬೆಳಗ್ಗೆ ಏಳಕ್ಕೆ ನಮ್ಮೂರ ಕೆರೆಯ ತೂಬಿನ ಹತ್ತಿರ ತಮ್ಮನ ಮಗಳ ಜೊತೆ ಇರುತ್ತೇನೆ. ಆಕೆ ಕಳೆದ ವರ್ಷದ ನೋಟ್‌ಬುಕ್ಕನ್ನು ಜೋಪಾನ ಮಾಡಿದ್ದಾಳೆ. ಅದರಲ್ಲಿ ಕಪ್ಪೆಚಿಪ್ಪಿನ ಸಾಲಿನ ಮುಂದೆ ಮೂರು ಸಲವೂ ಸೊನ್ನೆ ಬರೆದಿದೆ. ನೀವು ಬರುವುದಾದರೆ ಒಂದು ಬಿಳಿ ಟ್ರೇ ತನ್ನಿ, ಇರುವುದು ಒಂದೇ.

ಇಂತಿ ನಿಮ್ಮ ತಾಲ್ಲೂಕಿನ
ಒಬ್ಬ ನಿವೃತ್ತ ಪ್ರಾಣಿಶಾಸ್ತ್ರದ ಮೇಷ್ಟ್ರು